ಹಾಲುತುಪ್ಪ ಆದಮೇಲೆ ಬರಿ

ಸೇಲಂ
8-3-1995

ಮೇನಕಾ,

ಹನ್ನೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮವೇ ಎಂದು ಕೇಳುವುದಕ್ಕೂ ಒಂದು ಥರಾ ಆಗುತ್ತದೆ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ರಾಮಚಂದ್ರಪ್ಪ ಮಾಸ್ಟ್ರು ನಿನ್ನೆ ಬೆಳಿಗ್ಗೆ ತೀರಿಕೊಂಡರು. ಇಲ್ಲೇ ಅಮ್ಮಾಪೇಟೆಯ ಮಗಳ ಮನೆಯಲ್ಲಿ, ಕಾಫಿ ಕುಡಿದು ಲೋಟ ಕೆಳಗಿಡುವಾಗ. ಇವತ್ತು ಊರಿಗೆ ಒಯ್ದು ಮಣ್ಣು ಮಾಡುತ್ತಾರೆ. ಅವರ ಊರಿಗೂ ನಿನ್ನ ಕಾರಿಮಂಗಲಕ್ಕೂ ಎರಡು ಮೈಲಿ. ಈ ಕಾಗದ ಕೈಸೇರುವ ಮೊದಲೇ ನಿನಗೆ ಸುದ್ದಿ ಮುಟ್ಟಿರುತ್ತದೆ.

ನಾನು ಇಲ್ಲಿ ತಮಿಳು ಪತ್ರಿಕೆಯಲ್ಲಿರುವುದು ನಿನಗೆ ಗೊತ್ತಿದೆ. ನಿಮ್ಮೂರಿನ ಟೀ ಅಂಗಡಿ ಪಾಪಣ್ಣ ನಮಗೆ ಸುದ್ದಿ ಕಳಿಸುವವನು. ಅವನ ನ್ಯೂಸ್ ಕವರ್ ಬರುವ ಬಸ್ಸಿನಲ್ಲೇ, ಅದೇ ಕಂಡಕ್ಟರ್ ಕೈಯಲ್ಲಿ, ಇದನ್ನು ಕೊಡುತ್ತಿದ್ದೇನೆ. ಕನ್ನಡದಲ್ಲಿ ಬರೆದರೆ ದಾರಿಯಲ್ಲಿ ಯಾರೂ ಓದುವುದಿಲ್ಲ. ನಮ್ಮಪ್ಪ ನಮ್ಮಿಬ್ಬರನ್ನೂ ಜಗುಲಿಯ ಮೇಲೆ ಕೂರಿಸಿ, ಮನೆಮಾತಿಗೆ ಅಕ್ಷರ ಇಲ್ಲದಿದ್ದರೆ ಹೇಗೆ ಎಂದು ಕಿವಿ ಹಿಂಡಿ ಕಲಿಸಿದ್ದು ಇವತ್ತಾದರೂ ಉಪಯೋಗಕ್ಕೆ ಬಂತು.

ನ್ಯೂಸ್ ಎಡಿಟರ್ ನಾಗರಾಜನ್ ಸಾರ್, "ನೀನು ಅವರ ಶಿಷ್ಯೆ ಅಲ್ಲವೇನಮ್ಮ, ಬರೆ" ಎಂದಿದ್ದಾರೆ. ನಮ್ಮ ಕಚೇರಿಯಲ್ಲಿ ಸತ್ತವರಿಗೆ ಎರಡೇ ಅಚ್ಚು. ಒಂದು, ಹಳ್ಳಿ ಹೆಣ್ಣುಮಕ್ಕಳನ್ನು ಕಬಡ್ಡಿ ಅಂಗಳಕ್ಕೆ ತಂದ ಮಹಾಗುರು. ಇನ್ನೊಂದು, ಹುಣಸೆ ಬರಲಿನಿಂದ ಹುಡುಗಿಯರನ್ನು ಬಾರಿಸಿದ, ಅವರ ಜಡೆ ಕತ್ತರಿಸಿದ, ವಿವಾದದ ಕೋಚು. ಎರಡೂ ನಿಜ. ಆದರೆ ಎರಡರಲ್ಲೂ ನಿನ್ನ ಕಾಲು ಇಲ್ಲ.

ಎಂಬತ್ತಮೂರರ ತಿರುಚ್ಚಿ ಫೈನಲ್ ನಾನು ಮರೆತಿಲ್ಲ. ಮೊಣಕಾಲು ಊದಿದ ನಿನ್ನನ್ನು ಅವರು ಕೊನೇ ರೈಡಿಗೆ ಇಳಿಸಿದರು, ಬೆಂಚಿನ ಮೇಲೆ ನಾನು ಗಟ್ಟಿಮುಟ್ಟಾಗಿ ಕೂತಿದ್ದೆ. ನಾನು ಕಬಡ್ಡಿ ಸಂಘಕ್ಕೆ ದೂರು ಕೊಟ್ಟೆ. ವಿಚಾರಣೆಯಲ್ಲಿ ನೀನು "ನಾನೇ ಇಳಿದೆ, ಯಾರೂ ಹೇಳಲಿಲ್ಲ" ಎಂದು ನನ್ನನ್ನು ಸುಳ್ಳಿ ಮಾಡಿದೆ. ಆವತ್ತಿನಿಂದ ನಾವು ಮಾತು ಬಿಟ್ಟೆವು. ಈಗ ಅವರಿಲ್ಲ. ನಿನ್ನ ಕಾಲಿನ ಕಥೆ ಬರೆಯಲೇ? ನೀನು ಹೂಂ ಎನ್ನದೆ ಬರೆಯುವುದಿಲ್ಲ.

ವಾಣಿ


ಕಾರಿಮಂಗಲಂ
8-3-1995, ಸಂಜೆ

ಲೇ ವಾಣಿ,

ಕಾಗದ ಬಂತು. ಪಾಪಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದಕ್ಷರವೂ ತಿಳಿಯದೆ, ಹೊಟ್ಟೆನೋವು ಬಂದವನ ಮುಖ ಮಾಡಿಕೊಂಡು ತಂದುಕೊಟ್ಟ. ನಮ್ಮ ಯಜಮಾನರಿಗೂ ಕನ್ನಡ ಓದಲು ಬಾರದು. ನಿಮ್ಮಪ್ಪನ ಹೊಟ್ಟೆ ತಣ್ಣಗಿರಲಿ.

ಮಾಸ್ಟ್ರನ್ನು ಮಧ್ಯಾಹ್ನ ಅವರ ಹೊಲದಲ್ಲೇ ಮಣ್ಣು ಮಾಡಿದರು. ನಾನು ಹೋಗಲಿಲ್ಲ. ಹೊಲಿಗೆ ಮೆಷಿನ್ ಮುಂದೆ ಕೂತು ಯಾರದೋ ರವಿಕೆಗೆ ತೋಳು ತಿರುಗಿಸಿ ಹಚ್ಚಿದೆ, ಮತ್ತೆ ಬಿಚ್ಚಿದೆ.

ನೀನು ಪಟ್ಟಣ ಸೇರಿ ಎಲ್ಲ ಮರೆತಿದ್ದೀಯ. ಹಾಲುತುಪ್ಪ ಬಿಡುವವರೆಗೆ ಸತ್ತವರ ಮೇಲೆ ಕೆಟ್ಟ ಮಾತು ಆಡಬಾರದು ಎಂದು ನಿಮ್ಮ ಅಜ್ಜಿಯೇ ಹೇಳುತ್ತಿರಲಿಲ್ಲವೇ? ಗುಡ್ಡೆಯ ಮೇಲೆ ಹಾಲು ಬೀಳುವ ತನಕ ಜೀವ ಮನೆಯ ಸುತ್ತಲೇ ಕೇಳಿಸಿಕೊಳ್ಳುತ್ತಾ ಇರುತ್ತದಂತೆ. ನಂಬುತ್ತೀಯಾ ಎಂದು ಕೇಳಬೇಡ. ನಂಬಿಕೆಯೋ ಅಭ್ಯಾಸವೋ, ಬಾಯಿ ಬರುವುದಿಲ್ಲ. ನಾಡಿದ್ದು ಹಾಲುತುಪ್ಪ. ಆದಮೇಲೆ ಕೇಳು, ಹೇಳುತ್ತೇನೆ.

ಇಲ್ಲಿಯ ತಮಾಷೆ ಕೇಳು. ಪಾಪಣ್ಣ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಊರೆಲ್ಲ ಅಭಿಪ್ರಾಯ ಕೇಳಿ ಬಂದ. ನಮ್ಮ ಜಡೆ ಕತ್ತರಿಸಿದ್ದಕ್ಕೆ ಮಾಸ್ಟ್ರನ್ನು ಪಂಚಾಯ್ತಿ ಕಟ್ಟೆಯ ಮುಂದೆ ಬಿಸಿಲಲ್ಲಿ ನಿಲ್ಲಿಸಿದ ದೊಡ್ಡ ಗೌಡರು ಈಗಲೂ ಇದ್ದಾರೆ. ಅವರು ಹೇಳಿದ್ದು: "ಅಂತಾ ಮನ್ಸ ಇನ್ ಉಟ್ಟಾಕಿಲ್ಲ ಕಣಪ್ಪ, ಬರ್ಕೋ." ಪಾಪಣ್ಣ ಬರೆದುಕೊಂಡ. ಎಲ್ಲರ ಬಾಯಲ್ಲೂ ಚಿನ್ನವೇ. ನಾಳೆ ನಿನ್ನ ಪತ್ರಿಕೆಯಲ್ಲಿ ಮಾಸ್ಟ್ರು ದೇವರಾಗುತ್ತಾರೆ, ನೋಡುತ್ತಿರು.

ಆ ಜಡೆಯ ವಿಷಯ ಬಂದಾಗೆಲ್ಲ ನನಗೆ ನಗು. ಎದುರಾಳಿ ಜಡೆ ಹಿಡಿಯುತ್ತಾಳೆ ಎಂದು ಒಂದೇ ಬೆಳಿಗ್ಗೆ, ಏರಿಯ ಕೆಳಗೆ ಸಾಲಾಗಿ ಕೂರಿಸಿ ಕತ್ತರಿ ಆಡಿಸಿದರು. ಅಮ್ಮ ಅಳುತ್ತಾ, "ಕೇಳ್ದೋರ್ಗೆ ದೇವ್ರಿಗೆ ಮುಡಿ ಕೊಟ್ಟೆ ಅನ್ನು" ಎಂದಳು. ನಿಮ್ಮಮ್ಮನೂ ಅದನ್ನೇ ಹೇಳಿದಳಂತೆ. ಇಡೀ ಟೀಮಿಗೆ ಒಂದೇ ದಿನ ಒಂದೇ ಹರಕೆ! ಊರಿನವರು ಯಾವ ದೇವರು ಅಷ್ಟು ಕೂದಲು ಕೇಳಿದ್ದು ಎಂದು ಹುಡುಕಿಕೊಂಡು ತಿರುಗಿದರು.

ಇನ್ನೊಂದು. ಮದ್ರಾಸಿನ ವಾರಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಬಂದಿದ್ದ. ನನ್ನ ಹೆಸರು ಅವನಿಗೆ ಯಾರು ಹೇಳಿದರೋ. ಕೂತುಕೊಳ್ಳದೆ, ನೀರು ಕುಡಿಯದೆ, "ಸ್ವಲ್ಪ ನಡೆದು ತೋರಿಸ್ತೀರಾಮ್ಮ" ಎಂದ, ಸಂತೆಯಲ್ಲಿ ಎತ್ತು ನೋಡುವವನ ಹಾಗೆ. "ನಾಡಿದ್ದು ಬಾಪ್ಪ, ಆಲುತುಪ್ಪ ಆಗ್ಲಿ" ಎಂದೆ. "ನಾಡಿದ್ದು ಪತ್ರಿಕೆ ಅಚ್ಚಿಗೆ ಹೋಗಿಬಿಡ್ತದೆ" ಎಂದ. ಹೋದರೆ ಹೋಗಲಿ, ಸತ್ತವರಿಗೆ ಅವಸರವಿಲ್ಲ ಎಂದೆ.

ನೀನೂ ತಡೆದುಕೋ.

ಮೇನಕಾ


ಕಾರಿಮಂಗಲಂ
11-3-1995

ವಾಣಿ,

ನಿನ್ನೆ ಹಾಲುತುಪ್ಪಕ್ಕೆ ಹೋಗಿದ್ದೆ. ನಡೆದುಕೊಂಡೇ ಹೋದೆ, ತಡವಾಯಿತು. ಗುಡ್ಡೆಗೆ ಹಾಲು ಬಿಟ್ಟು ಎಲ್ಲ ಮುಗಿಯುತ್ತಾ ಬಂದಿತ್ತು. ನನಗೂ ಒಂದು ಲೋಟ ಕೊಟ್ಟರು, ಬಿಟ್ಟೆ. ಮಣ್ಣು ಹಾಲನ್ನು ಎಳೆದುಕೊಂಡಿತು. ನಾವು ಬೆಳಗಾಗೆದ್ದು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಾಗ ಇದೇ ಕೆಮ್ಮಣ್ಣು, ಇದೇ ವಾಸನೆ. ಜರಡಿ ಹಿಡಿದು ಕಲ್ಲು ಆರಿಸುವುದೇ ಅರ್ಧ ಅಭ್ಯಾಸ ಎನ್ನುತ್ತಿದ್ದರಲ್ಲ. ಅಲ್ಲಿ ನಿಂತು ನನಗೆ ಅವರ ಮೇಲೆ ಪ್ರೀತಿಯೇ ಉಕ್ಕಿ ಬಂತು, ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಅವರ ಹೆಂಡತಿ ನಾರಾಯಣಮ್ಮನವರು ನನ್ನ ಕಾಲು ನೋಡಿದರು, ಮುಖ ನೋಡಿದರು. "ನೀ ಯಾರ್ ಮಗ್ಳವ್ವ?" ಎಂದರು.

"ಮೇನಕಾ. ಮಾಸ್ಟ್ರ ಅತ್ರ ಆಡ್ತಿದ್ದೆ."

"ಬೋ ಜನ ಆಡ್ತಿದ್ರು. ಕೂತ್ಕೋ, ಉಂಡ್ಕಂಡ್ ಓಗು."

ಅಷ್ಟೇ ಕಣೆ. ಹನ್ನೆರಡು ವರ್ಷದಲ್ಲಿ ಆ ಮನುಷ್ಯ ಹೆಂಡತಿಯ ಹತ್ತಿರ ಒಂದು ಸಲವೂ ನನ್ನ ಹೆಸರು ಎತ್ತಿಲ್ಲ. ಉಣ್ಣಲಾಗಲಿಲ್ಲ, ಎದ್ದು ಬಂದೆ.

ಈಗ ಕೇಳು. ಹಾಲು ಬಿದ್ದಾಯಿತು, ಹೇಳಬಹುದು. ತಿರುಚ್ಚಿಯಲ್ಲಿ ಅರ್ಧ ಆಟಕ್ಕೆ ನನ್ನ ಮೊಣಕಾಲು ಬೇಲದ ಹಣ್ಣಿನ ಹಾಗಾಗಿತ್ತು. ಮಾಸ್ಟ್ರು ಕುಕ್ಕರಗಾಲಲ್ಲಿ ಕೂತು ಒದ್ದೆ ಟವೆಲ್ ಸುತ್ತಿದರು. ಆವತ್ತು ಕೈಯಲ್ಲಿ ಬರಲು ಇರಲಿಲ್ಲ. ಮೆತ್ತಗೆ ಹೇಳಿದರು: "ನೀ ಕೂತ್ರೆ ಆಟ ಓಯ್ತದೆ. ಆಟ ಓದ್ರೆ ಇವರ್ಗೆಲ್ಲ ಸಿಗೋ ರೈಲ್ವೆ ಕೆಲ್ಸ ಓಯ್ತದೆ. ನಾನೇನೂ ಏಳಾಕಿಲ್ಲ. ನೀನೇ ನೋಡು." ನಾನು ನೋಡಿದೆ. ನಮ್ಮ ಆರು ಹುಡುಗಿಯರು ನನ್ನನ್ನೇ ನೋಡುತ್ತಿದ್ದರು. "ಓಗ್ತೀನಿ ಮಾಸ್ಟ್ರೇ" ಎಂದೆ.

ಬರಲಿನಿಂದ ಹೊಡೆದಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆ. ಹೀಗೆ ಕೇಳಿದರೆ ಎಲ್ಲಿಗೆ ಹೋಗಲಿ? ಬೆಂಚಿನ ಮೇಲೆ ನೀನಿದ್ದೆ ನಿಜ, ನಿನ್ನನ್ನು ಇಳಿಸಿದ್ದರೆ ಸೋಲುತ್ತಿದ್ದೆವು. ಅದು ನಿನಗೂ ಗೊತ್ತು, ಮುನಿಸಿಕೊಳ್ಳಬೇಡ. ವಿಚಾರಣೆಯಲ್ಲಿ ನಾನು ಬೇರೆ ಮಾತು ಆಡಿದ್ದರೆ ಗೆಲುವು ರದ್ದಾಗುತ್ತಿತ್ತು. ಆರು ಮನೆಯ ಒಲೆ ಆರುತ್ತಿತ್ತು. ಈಗಲೂ ಕೇಳಿದರೆ ಅದೇ ಹೇಳುತ್ತೇನೆ.

ನನ್ನ ಸಿಟ್ಟು ಕಾಲಿನದಲ್ಲ. ಎರಡು ಮೈಲಿ ಆಚೆ ಇದ್ದು ಒಂದು ಸಲ ಬಂದು ನೋಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾನು ಕುಂಟಿಕೊಂಡು ಎದುರಾದರೆ ಸಿನಿಮಾ ಪೋಸ್ಟರ್ ಓದಲು ನಿಲ್ಲುತ್ತಿದ್ದರು.

ಇಷ್ಟನ್ನೂ ಬರಿ. ಹೊಡೆದದ್ದು, ಕಲಿಸಿದ್ದು, ಕೇಳಿದ್ದು, ಬಾರದೇ ಹೋದದ್ದು. ಒಂದನ್ನು ಬಿಟ್ಟು ಒಂದನ್ನು ಬರೆದರೆ ಅದು ಮಾಸ್ಟ್ರೂ ಅಲ್ಲ, ನಾನೂ ಅಲ್ಲ.

ಮೇನಕಾ


ಸೇಲಂ
21-3-1995

ಮೇನಕಾ,

ನಿನ್ನ ಕಾಗದ ಓದಿದೆ. ಸೋಲುತ್ತಿದ್ದೆವು ಎಂಬ ಮಾತಿಗೆ ಮೊದಲು ಕೋಪ ಬಂತು, ಆಮೇಲೆ ನಗು ಬಂತು. ಹೌದು, ಸೋಲುತ್ತಿದ್ದೆವು. ಆ ರೈಡಿನಲ್ಲಿ ಮೂವರನ್ನು ಮುಟ್ಟಿ ತೆವಳಿಕೊಂಡು ನಡುಗೆರೆ ಹಿಡಿದೆಯಲ್ಲ, ಅಂಥದ್ದನ್ನು ನಾನು ಆಮೇಲೂ ನೋಡಿಲ್ಲ.

ನೀನು ಹೇಳಿದಂತೆಯೇ ಬರೆದು ನಾಗರಾಜನ್ ಸಾರ್ ಮೇಜಿನ ಮೇಲಿಟ್ಟೆ. ಕನ್ನಡಕ ಏರಿಸಿ ಪೂರಾ ಓದಿದರು. "ಚೆನ್ನಾಗಿದೆ. ಆದರೆ ಆರಿಹೋಯಿತಲ್ಲಮ್ಮ" ಎಂದರು. ಯಾಕೆ ತಡ ಎಂದು ಕೇಳಿದರು. ಹಾಲುತುಪ್ಪಕ್ಕೆ ಕಾದೆವು ಎಂದೆ. ಅವರು ನಗಲಿಲ್ಲ, ನಮ್ಮ ಮನೆಯಲ್ಲೂ ಹಾಗೆಯೇ ಎಂದರು. ಆಮೇಲೆ, "ಆದರೆ ಪೇಪರ್ ಕಾಯುವುದಿಲ್ಲವಲ್ಲ. ಸತ್ತ ಮಾರನೇ ದಿನ ಸತ್ತವರು ಸುದ್ದಿ, ಮೂರನೇ ದಿನ ಬೇರೆ ಯಾರೋ" ಎಂದು ಅದನ್ನು ನನ್ನ ಕೈಗೇ ಕೊಟ್ಟರು. ಅಷ್ಟರಲ್ಲಿ ಪಾಪಣ್ಣನ ಚಿನ್ನದ ಮಾತುಗಳೆಲ್ಲ ನಾಲ್ಕನೇ ಪುಟದಲ್ಲಿ ಬಂದಿದ್ದವು. ಹೆಸರು ಕೂಡ ರಾಮಚಂದ್ರನ್ ಎಂದು.

ಇದರ ಜೊತೆ ಮದ್ರಾಸಿನ ವಾರಪತ್ರಿಕೆ ಇಟ್ಟಿದ್ದೇನೆ. ಕೂತುಕೊಂಡು ನೋಡು. "ಗುರುವಿನ ಕ್ರೌರ್ಯಕ್ಕೆ ಕಾಲು ತೆತ್ತ ವೀರಾಂಗನೆ" ಎಂದು ತಲೆಬರಹ. ಕೆಳಗೆ ನಿನ್ನ ಹೆಸರು. ಚಿತ್ರದಲ್ಲಿರುವುದು ನೀನಲ್ಲ.

ಪತ್ರಿಕೆಯವಳಾಗಿ ನನಗೆ ನಾಚಿಕೆಯಾಗುತ್ತಿದೆ. ಅವರಿಗೆ ಬರೆದೆ. ಮುಂದಿನ ಸಂಚಿಕೆಯಲ್ಲಿ ಜಾಗವಿಲ್ಲವಂತೆ.

ನಿನ್ನ,
ವಾಣಿ


ಕಾರಿಮಂಗಲಂ
2-4-1995

ವಾಣಿ,

ಚಿತ್ರದಲ್ಲಿರುವುದು ಹುಣಸೆಹಣ್ಣು ಮಾರುವ ಮುತ್ಯಾಲಮ್ಮ! ಎತ್ತಿನಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡವಳು, ಕಬಡ್ಡಿ ಅಂಗಳ ತುಳಿದವಳೇ ಅಲ್ಲ. ಆ ಮಹರಾಯ ನಾನು ನಡೆಯಲಿಲ್ಲವೆಂದು ಬಸ್ ಸ್ಟ್ಯಾಂಡಿನಲ್ಲಿ ಕುಂಟುವವರನ್ನು ಹುಡುಕಿದ್ದಾನೆ. ಮುತ್ಯಾಲಮ್ಮನ ಸಂಭ್ರಮ ನೀನು ನೋಡಬೇಕು. ಆ ಹಾಳೆಯನ್ನು ಹುಣಸೆ ಬುಟ್ಟಿಗೇ ಅಂಟಿಸಿಕೊಂಡಿದ್ದಾಳೆ. "ಯಾರೋ ನಡ್ದು ತೋರ್ಸು ಅಂದ್ರು, ನಡ್ದೆ. ನಂದೇನ್ ಓಗ್ಬೇಕು?" ಎನ್ನುತ್ತಾಳೆ. ನನಗೂ ಅವಳ ಮೇಲೆ ಕೋಪವಿಲ್ಲ. ಅವಳ ಕಾಲೂ ಯಾರಾದರೂ ನೋಡಲಿ, ಪಾಪ.

ಎರಡು ದಿನ ನಕ್ಕೆ. ಮೂರನೇ ದಿನ ಮೆಷಿನ್ ತುಳಿಯುತ್ತಾ ಇದ್ದಕ್ಕಿದ್ದಂತೆ ಅಳು ಬಂತು. ಕಾಲು ಹೋಯಿತು, ರೈಲ್ವೆ ಕೆಲಸ ಹೋಯಿತು. ಈಗ ನನ್ನ ಕಥೆಯೂ ಇನ್ನೊಬ್ಬಳ ಕಾಲಿಗೆ ಹೋಯಿತು. ಪಾಪಣ್ಣನ ಹತ್ತಿರ ಹೋಗಿ, ನಾನು ಹೇಳ್ತೀನಿ ಬರ್ಕೊಳ್ಳಣ್ಣ ಎಂದೆ. "ಅದು ಆಗ್ಲೇ ಬಂದೋಯ್ತಲ್ಲವ್ವ" ಎಂದು ಟೀ ಕೊಟ್ಟ.

ಹಾಲುತುಪ್ಪಕ್ಕೆ ಕಾದದ್ದು ತಪ್ಪು ಎನ್ನುವುದಿಲ್ಲ. ಆದರೆ ಕಾದವಳ ಮಾತು ಹಾಕುವ ಜಾಗ ನಿಮ್ಮ ಪತ್ರಿಕೆಯಲ್ಲಿ ಎಲ್ಲೂ ಇಲ್ಲವೇನೇ?

ಮೇನಕಾ


ಕಾರಿಮಂಗಲಂ
20-2-1996

ವಾಣಿ,

ದೀಪಾವಳಿಗೆ ನೀನು ಬಂದು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ನಮ್ಮ ಯಜಮಾನರು, "ನಿಮ್ಮಿಬ್ರ ಕನ್ನಡ ಕಾಗ್ದದಾಗ್ ನನ್ನೇ ಬೈಕಂತಿದ್ರಿ" ಎಂದು ಇನ್ನೂ ಗೊಣಗುತ್ತಾರೆ. ಏರಿಯ ಕೆಳಗೆ ಹೋಗಿ ಅಂಗಳ ಹುಡುಕಿದೆವಲ್ಲ, ಈಗ ಅಲ್ಲಿ ಪೂರ್ತಿ ಜಾಲಿ ಬೆಳೆದಿದೆ. ಆದರೂ ನೀನು ಉಸಿರು ಹಿಡಿದು ಕಬಡ್ಡಿ ಹೇಳಿ, ನಾಲ್ಕು ಹೆಜ್ಜೆಗೆ ಕೆಮ್ಮಿ ಕೂತದ್ದು ನೆನೆದರೆ ಇವತ್ತೂ ನಗು.

ಆವತ್ತು ನೀನೇ ಹೇಳಿದೆ: ಪತ್ರಿಕೆಯಲ್ಲಿ ಯಾರೂ ತಿದ್ದದ ಜಾಗ ಒಂದೇ, ನಿನೈವಂಜಲಿ. ಸತ್ತವರ ವರ್ಷದ ದಿನ ಮನೆಯವರು ಹಾಕಿಸುವ ಚೌಕದ ಜಾಹೀರಾತು. ಅಲ್ಲಿ ಎಡಿಟರ್ ಇಲ್ಲ, ಅಚ್ಚು ಇಲ್ಲ. ಆಗ ನಕ್ಕುಬಿಟ್ಟೆ. ಆಮೇಲಿಂದ ಅದೇ ತಲೆಯಲ್ಲಿ.

ಮಾರ್ಚ್ ಏಳಕ್ಕೆ ಮಾಸ್ಟ್ರ ವರ್ಷ. ನನ್ನ ಅಂಜಲಿ ಹಾಕಿಸು. ಟೀಮಿನ ಫೋಟೋದಿಂದ ಅವರ ಮುಖ ಮಾತ್ರ ತೆಗೆದುಕೋ. ಮಾತು ಇದು, ತಮಿಳಿಗೆ ನೀನೇ ಮಾಡು, ಹೂವು ಮುಡಿಸಬೇಡ:

"ಮಾಸ್ಟ್ರೇ, ನೀವು ನಮಗೆ ಉಸಿರು ಹಿಡಿಯಲು ಕಲಿಸಿದಿರಿ. ಹೊಡೆದಿರಿ, ಜಡೆ ಕತ್ತರಿಸಿದಿರಿ, ಊರು ದಾಟಿಸಿದಿರಿ. ತಿರುಚ್ಚಿಯಲ್ಲಿ ನನ್ನ ಮೊಣಕಾಲು ಊದಿದ್ದು ನಿಮಗೆ ಗೊತ್ತಿತ್ತು. ನೀವು ಕೇಳಿದಿರಿ, ನಾನು ಇಳಿದೆ, ಗೆದ್ದೆವು. ಆಮೇಲೆ ನೀವು ಒಂದು ಸಲ ಬಂದು ನೋಡಬೇಕಿತ್ತು. ಮೇನಕಾ, ಕಾರಿಮಂಗಲಂ."

ಹೆಸರು, ಊರು ಎರಡೂ ಇರಲಿ.

ಮೇನಕಾ


ಸೇಲಂ
7-3-1996

ಮೇನಕಾ,

ಇವತ್ತಿನ ಪತ್ರಿಕೆ ಇಟ್ಟಿದ್ದೇನೆ. ಆರನೇ ಪುಟ, ಎಡಗಡೆ ಕೆಳಗೆ.

ಜಾಹೀರಾತು ವಿಭಾಗದ ವೆಂಕಟಾಚಲಂ ಓದಿ ಪೆನ್ನು ಕೆಳಗಿಟ್ಟುಬಿಟ್ಟರು. ಇಷ್ಟು ವರ್ಷದಲ್ಲಿ ಸತ್ತವರನ್ನು ಕೇಳುವ ಅಂಜಲಿ ನೋಡಿಲ್ಲ, ಮನೆಯವರು ಜಗಳಕ್ಕೆ ಬಂದರೆ ಯಾರು ಹೊಣೆ ಎಂದರು. ನಾನೇ ಹೊಣೆ ಎಂದೆ. ಕೊನೆಗೆ ನಾಗರಾಜನ್ ಸಾರ್ ಬಂದು ಓದಿದರು. "ಹೋದ ವರ್ಷ ನಾವು ಹಾಕಿದ್ದಕ್ಕಿಂತ ಇದು ಸರಿಯಾಗಿದೆ. ಹಾಕಿ" ಎಂದು ಹೋದರು.

ಬೆಳಿಗ್ಗೆಯಿಂದ ಫೋನ್ ಸದ್ದಾದಾಗೆಲ್ಲ ನಾನೇ ಓಡಿ ಎತ್ತುತ್ತಿದ್ದೇನೆ. ಅವರ ಮನೆಯವರು ನೋಡಿಯೇ ಇರುತ್ತಾರೆ. ನಿನ್ನ ಮನೆಗೆ ಬಂದು ಬಾಯಿ ಮಾಡಿದರೆ ನೀನೇನೂ ಹೇಳಬೇಡ, ನನ್ನನ್ನು ಕರೆಸು.

ನಿನ್ನ,
ವಾಣಿ


ಕಾರಿಮಂಗಲಂ
12-3-1996

ವಾಣಿ,

ಬಂದರು. ಜಗಳಕ್ಕಲ್ಲ.

ನಿನ್ನೆ ಹನ್ನೊಂದು ಗಂಟೆಗೆ ನಾರಾಯಣಮ್ಮನವರು ಒಬ್ಬರೇ, ಬಿಸಿಲಲ್ಲಿ ನಡೆದುಕೊಂಡು. ಬಾಗಿಲಲ್ಲಿ ಅವರನ್ನು ಕಂಡು ಮೆಷಿನ್ ಬಿಟ್ಟು ಎದ್ದೆ. ಒಳಗೆ ಕರೆದೆ. ಚಾಪೆ ಹಾಕಿದರೆ ಬೇಡವೆಂದು ನೆಲದಲ್ಲೇ, ನನ್ನ ಮೆಷಿನ್ ಪಕ್ಕ ಕೂತರು. ನೀರು ಕುಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಬೈಗುಳಕ್ಕೆ ಕಾಯುತ್ತಾ ನಿಂತೇ ಇದ್ದೆ.

"ಮೊಮ್ಮಗ್ಳು ಪೇಪರ್ ಓದಿ ಏಳಿದ್ಳು. ಎಲ್ಡ್ ಸಲ ಓದ್ಸ್ದೆ" ಎಂದರು.

ನಾನು ಖಾಲಿ ಲೋಟ ಎತ್ತಿಟ್ಟೆ.

"ಮಗ ಓಗಿ ಕೇಳ್ತೀನಿ ಅಂತ ಕುಣಿದ. ಕೂತ್ಕೋ ಅಂದೆ. ಇದ್ದದ್ದೇ ಬರ್ದವ್ಳೆ ಅಂದೆ. ಅವರು ಬರ್ಬೇಕಿತ್ತು ಕಣವ್ವ. ಯಾಕ್ ಬರ್ಲಿಲ್ವೋ ನಂಗ್ ತಿಳೀದು. ತಿರುಚ್ಚಿ ಅಂತ ಯಾರಾರ ಎತ್ತಿದ್ರೆ ಉಣ್ಣೋ ತಟ್ಟೆ ಬಿಟ್ಟು ಎದ್ದೋಗೋರು."

ನನಗೆ ಏನೋ ಹೇಳಬೇಕೆನಿಸಿತು. ನಾನೇ ಇಳಿದೆ ಅಮ್ಮ, ಅವರ ತಪ್ಪಿಲ್ಲ ಎಂದು ಬಾಯಿಗೆ ಬಂತು. ಅಭ್ಯಾಸ ನೋಡು. ಅವರು ಕೈ ಎತ್ತಿ ತಡೆದರು.

"ಅವರು ಬರ್ಲಿಲ್ಲ. ನಾ ಬಂದಿವ್ನಿ. ಕಾಲ್ ಎಂಗೈತವ್ವ?"

ವಾಣಿ, ಇಷ್ಟು ವರ್ಷ ಯಾರು ಕೇಳಿದರೂ ನಾನು ಪರವಾಗಿಲ್ಲ ಎಂದೇ ಹೇಳಿದ್ದೇನೆ. ಡಾಕ್ಟರಿಗೆ, ವಿಚಾರಣೆಯವರಿಗೆ, ಅಮ್ಮನಿಗೆ, ಕಟ್ಟಿಕೊಂಡ ಗಂಡನಿಗೆ, ನಿನಗೆ. ಅವರ ಪಕ್ಕ ನೆಲದಲ್ಲಿ ಕಾಲು ನೀಡಿ ಕೂತೆ.

"ನೋಯ್ತದೆ ಅಮ್ಮ" ಎಂದೆ.

ಮೇನಕಾ